ಫೋಟೋಕ್ಕೆ ಕುಳಿತ ಊಟ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಉಡುಪಿಯ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ನನ್ನ ಫೋಟೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಕಾಲೇಜಿನ ಗುಂಪು ಚಿತ್ರ ಎಲ್ಲವನ್ನೂ ತೆಗೆಯುತ್ತಿದ್ದೆನಾದರೂ ಸ್ಟುಡಿಯೋವನ್ನು ನಡೆಸಿದ್ದು ಪಾಸ್‌ಪೋರ್ಟ್ ಫೋಟೋಗಳು. ಗಲ್ಫಿಗೆ ಹೊರಟ ಕಾಪು, ಪಡುಬಿದ್ರಿ ಕಡೆಯ ಯುವಕರು ನನ್ನ ನೀಲಿ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತು ಹೋಗುತ್ತಿದ್ದರು. ಹೋದವರು ಹೋದರು, ಅಷ್ಟೇ. ಅವರಲ್ಲಿ ಯಾರೂ ತಿರುಗಿ ಬಂದು ಫೋಟೋ ಚೆನ್ನಾಗಿತ್ತೋ ಇಲ್ಲವೋ ಎಂದು ಹೇಳಿದ್ದಿಲ್ಲ.

ಒಬ್ಬರು ಮಾತ್ರ ಬಂದರು. ಕಾಪುವಿನ ಬ್ಯಾರಿ ಮುಸ್ಲಿಂ ಮನೆತನದವರು. ಎಂಟು ವರ್ಷ ದುಬೈಯ ಒಂದು ದೊಡ್ಡ ಹೋಟೆಲಿನ ಉಗ್ರಾಣ ನೋಡಿಕೊಂಡಿದ್ದು ಊರಿಗೆ ಮರಳಿದ್ದರು. ಮೆಟ್ಟಿಲು ಹತ್ತಿ ಬಂದವರೇ ಕುರ್ಚಿ ಎಳೆದುಕೊಂಡು ಕುಳಿತು, “ನನ್ನ ನೆನಪುಂಟಾ?” ಎಂದರು.

“ಇಲ್ಲವಲ್ಲ,” ಎಂದೆ.

“ನೀವು ತೆಗೆದ ಫೋಟೋದಲ್ಲಿ ನನ್ನ ಒಂದೇ ಕಿವಿ ಬಂದಿತ್ತು ಮಾರಾಯ್ರೆ. ಅಲ್ಲಿಯ ಆಫೀಸಿನವರು ಇನ್ನೊಂದು ಕಿವಿ ಎಲ್ಲಿ ಅಂತ ಕೇಳಿದ್ರು.”

ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಆದರೆ ಅವರು ಚೀಲದಿಂದ ದಪ್ಪ ರಟ್ಟಿನ ಒಂದು ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿದರು. ಅದು ದುಬೈಯ ಹೋಟೆಲಿನ ಮೆನು. ಪುಟಪುಟಕ್ಕೂ ಬಣ್ಣದ ಫೋಟೋ. ಹೊಗೆಯಾಡುವ ಸೂಪು, ಬಂಗಾರದ ಬಣ್ಣದ ಕೋಳಿ, ಮೂರಂತಸ್ತಿನ ಐಸ್‌ಕ್ರೀಮು. ಮಣಿಪಾಲದಲ್ಲಿ ತಾನೊಂದು ರೆಸ್ಟೋರೆಂಟ್ ತೆರೆಯುತ್ತಿದ್ದೇನೆ, ಮೇಜಿಗೆ ಬಿಳಿ ಬಟ್ಟೆ, ಮಂದ ಬೆಳಕು, ಮಡಚಿಟ್ಟ ಕರವಸ್ತ್ರ ಎಲ್ಲ ಉಂಟು, ಮೆನು ಕೂಡ ಹೀಗೆಯೇ ಆಗಬೇಕು ಎಂದರು.

“ನಾನು ಊಟದ ಫೋಟೋ ತೆಗೆದವನಲ್ಲ.”

“ಅದು ಅಲುಗಾಡುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ನಿಮಗೆ ಸುಲಭ ಅಲ್ವಾ?”

ಆ ಮಾತು ನನಗೂ ಸರಿಯೆಂದೇ ತೋರಿತು. ಒಪ್ಪಿಕೊಂಡೆ.

ಮುಂದಿನ ಸೋಮವಾರ ಎರಡು ದೀಪ, ಒಂದು ಸ್ಟ್ಯಾಂಡು, ಕ್ಯಾಮೆರಾ ಹೊತ್ತು ಮಣಿಪಾಲಕ್ಕೆ ಹೋದೆ. ರೆಸ್ಟೋರೆಂಟಿನಲ್ಲಿ ಇನ್ನೂ ಬಣ್ಣದ ವಾಸನೆ. ಅಡಿಗೆಮನೆಯಲ್ಲಿ ಬಿಳಿ ಕೋಟು, ಉದ್ದನೆಯ ಬಿಳಿ ಟೊಪ್ಪಿ ತೊಟ್ಟ ಒಬ್ಬರು ನಿಂತಿದ್ದರು. ನಲವತ್ತೈದು ದಾಟಿರಬಹುದು, ತೆಳ್ಳಗಿನ ಆಳು. ಇಪ್ಪತ್ತು ವರ್ಷ ಬೊಂಬಾಯಿಯ ಹೋಟೆಲುಗಳಲ್ಲಿ ಕೆಲಸ ಮಾಡಿದ ಬಾಣಸಿಗರು. ಮೂಲ ಊರು ಕಾರ್ಕಳದ ಹತ್ತಿರ. ಮದುವೆಯಾಗಿರಲಿಲ್ಲ. ಅಲೆವೂರಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ನನಗೆ ಕೈಮುಗಿದು, ಬಟ್ಟೆಯ ಸುರುಳಿಯೊಂದನ್ನು ಮೇಜಿನ ಮೇಲೆ ಬಿಡಿಸಿದರು. ಒಳಗೆ ಸಾಲಾಗಿ ಸಣ್ಣ ಸಣ್ಣ ಚೂರಿಗಳು, ಹಲ್ಲಿನ ಡಾಕ್ಟರರ ಸಲಕರಣೆಯ ಹಾಗೆ.

ಆಮೇಲೆ ನಾನು ನೋಡುತ್ತಿದ್ದಂತೆಯೇ ಒಂದು ಮೂಲಂಗಿ ಹಂಸವಾಯಿತು. ಕ್ಯಾರೆಟ್ಟು ಗುಲಾಬಿಯಾಯಿತು. ಸೌತೆಕಾಯಿ ಹಾಯಿದೋಣಿಯಾಯಿತು. ದೊಡ್ಡದೊಂದು ಮಾಂಜಿ ಮೀನನ್ನು ತಟ್ಟೆಯ ನಡುವೆ ಮಲಗಿಸಿ, ಸುತ್ತ ಹಸಿರು ಚಟ್ನಿಯ ಸಮುದ್ರ ಹರಡಿ, ದಡದಲ್ಲಿ ಅನ್ನದ ಮರಳು ಹಾಸಿ, ಹಂಸವನ್ನು ತೇಲಿಬಿಟ್ಟರು. ಸಮುದ್ರದಲ್ಲಿ ಹಂಸ ಇರುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಷ್ಟು ಚೆನ್ನಾಗಿತ್ತು.

ಕಷ್ಟ ಶುರುವಾದದ್ದು ದೀಪ ಹಾಕಿದ ಮೇಲೆ. ಮನುಷ್ಯರಾದರೆ ಬೆವರುತ್ತಾರೆ, ಒರೆಸಿಕೊಳ್ಳುತ್ತಾರೆ. ಮೀನು ಹತ್ತೇ ನಿಮಿಷದಲ್ಲಿ ಒಣಗಿ ಹಳೆಯ ಚಪ್ಪಲಿಯಂತಾಯಿತು. ಬಾಣಸಿಗರು ಬ್ರಶ್ಶಿನಿಂದ ಅದಕ್ಕೆ ತೆಂಗಿನೆಣ್ಣೆ ಬಳಿದರು, ಮತ್ತೆ ಹೊಳೆಯಿತು. ಸೂಪಿನೊಳಗಿನ ತರಕಾರಿ ತಳ ಸೇರುತ್ತಿತ್ತು. ಬಟ್ಟಲಿಗೆ ಮೊದಲು ಆಟದ ಗೋಲಿಗಳನ್ನು ತುಂಬಿ ಮೇಲೆ ಸೂಪು ಸುರಿದೆವು. ಹೊಗೆ ಬರಬೇಕಿತ್ತು. ಬಟ್ಟಲಿನ ಹಿಂದೆ ಅಗರಬತ್ತಿ ಹಚ್ಚಿಟ್ಟೆ. ಐಸ್‌ಕ್ರೀಮು ಕರಗಿ ಹರಿಯಿತು, ಮೂರು ಸಲ. ಕೊನೆಗೆ ಬಾಣಸಿಗರು ಬೇಯಿಸಿದ ಬಟಾಟೆಯನ್ನು ನುಣ್ಣಗೆ ಅರೆದು, ಬೀಟ್‌ರೂಟಿನ ರಸ ಕಲಸಿ, ಮೂರು ಉಂಡೆ ಮಾಡಿ ಗಾಜಿನ ಬಟ್ಟಲಿಗಿಟ್ಟರು. ನಿಜವಾದ ಐಸ್‌ಕ್ರೀಮಿಗಿಂತ ಚೆಂದ ಕಂಡಿತು. ನೋಡಲು ಬಂದ ಮಾಲಕರು ಸಂತೋಷ ತಡೆಯಲಾರದೆ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಅವರ ಮುಖದ ಫೋಟೋ ತೆಗೆಯಬೇಕಿತ್ತು.

ಮಧ್ಯಾಹ್ನವಾಗುವಷ್ಟರಲ್ಲಿ ನನ್ನ ಸುತ್ತ ಆರು ತಟ್ಟೆ ಊಟವಿತ್ತು, ತಿನ್ನಲು ಒಂದು ತುತ್ತೂ ಇರಲಿಲ್ಲ. ಆಕಾರ ಕೆಡಬಾರದೆಂದು ಮೀನನ್ನು ಅರ್ಧವಷ್ಟೇ ಬೇಯಿಸಿದ್ದರು. ಕೋಳಿಗೆ ಬಣ್ಣ. ಸೂಪಿನಲ್ಲಿ ಗೋಲಿ, ಮೇಲೆ ಅಗರಬತ್ತಿಯ ಬೂದಿ. ನನ್ನ ಹೊಟ್ಟೆ ಕೂಗುವುದು ಬಾಣಸಿಗರಿಗೂ ಕೇಳಿಸಿರಬೇಕು. ಹಿಂದಿನ ಜಗಲಿಗೆ ಕರೆದುಕೊಂಡು ಹೋಗಿ, ಟೊಪ್ಪಿ ತೆಗೆದು ಗೂಟಕ್ಕೆ ಸಿಕ್ಕಿಸಿ, ತಮ್ಮ ಬುತ್ತಿಯ ಕ್ಯಾರಿಯರ್ ಬಿಚ್ಚಿದರು. ಕೆಳಗಿನ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ. ಮೇಲಿನದರಲ್ಲಿ ಒಣಸಿಗಡಿಯ ಚಟ್ನಿ ಮತ್ತು ಒಂದು ಮಾವಿನಮಿಡಿ.

ಇಬ್ಬರೂ ಹಂಚಿಕೊಂಡು ಉಂಡೆವು. ಹುರಿದ ಸಿಗಡಿ, ಸುಟ್ಟ ಮೆಣಸು, ತೆಂಗಿನಕಾಯಿ, ಹುಳಿ. ಗಂಜಿಯ ತಿಳಿ ಗಂಟಲಲ್ಲಿ ಇಳಿಯುತ್ತಿದ್ದಂತೆ ಬೆಳಗಿನಿಂದ ಬಿಗಿದುಕೊಂಡಿದ್ದ ಹೆಗಲು ಸಡಿಲವಾಯಿತು.

“ಇದರದ್ದೇ ಫೋಟೋ ತೆಗೆಯುವಾ,” ಎಂದೆ.

ನಾನು ಹೊಗಳಿದ್ದು. ಅವರಿಗೆ ಬೇಸರವಾಯಿತು. “ಇದು ಅಡಿಗೆಯಾ ಮಾರಾಯ್ರೆ? ಇದು ಊಟ.”

“ಎರಡೂ ಒಂದೇ ಅಲ್ವಾ?”

“ಹೇಗೆ ಒಂದೇ ಆಗ್ತದೆ? ಊಟ ನನ್ನ ಅಮ್ಮನೂ ಮಾಡ್ತಾರೆ. ಊರಲ್ಲಿ ಕಲ್ಲಿನ ಕೋರೆಯ ಹತ್ತಿರ ದಿನಾ ಅರವತ್ತು ಜನಕ್ಕೆ ಗಂಜಿ ಬಡಿಸ್ತಾರೆ. ಆದರೆ ಆ ಹಂಸದ ಕತ್ತು ಮುರಿಯದ ಹಾಗೆ ಕೊರೀಲಿಕ್ಕೆ ಕಲಿಯಲು ನನಗೆ ನಾಲ್ಕು ವರ್ಷ ಹಿಡಿದಿದೆ.”

ಅದರಲ್ಲಿ ಜಂಬವೇನೂ ಇರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದರು.

ಮೂವತ್ತು ತಟ್ಟೆಗಳನ್ನು ಮುಗಿಸಲು ಐದು ದಿನ ಬೇಕಾಯಿತು. ಆಗ ನನ್ನ ಹೆಂಡತಿಗೆ ಮೂರು ತಿಂಗಳು ತುಂಬಿತ್ತು. ಏನು ತಿಂದರೂ ನಿಲ್ಲುತ್ತಿರಲಿಲ್ಲ. ಕಾಫಿಯ ವಾಸನೆ ಆಗದು, ಒಗ್ಗರಣೆಯ ವಾಸನೆ ಆಗದು, ನನ್ನ ಷರಟಿಗೆ ಹತ್ತಿದ ಫೋಟೋ ತೊಳೆಯುವ ಔಷಧಿಯ ವಾಸನೆಯನ್ನಂತೂ ಬಾಗಿಲಲ್ಲೇ ಬಿಟ್ಟು ಬರಬೇಕಿತ್ತು. ಅತ್ತೆಯವರು ಮಾಡಿ ಕಳುಹಿಸಿದ ತಿಂಡಿಗಳೆಲ್ಲ ಪಕ್ಕದ ಮನೆಯ ಮಕ್ಕಳ ಪಾಲಾಗುತ್ತಿದ್ದವು. ಮೊದಲ ದಿನ ಸಂಜೆ ಬಟಾಟೆಯ ಐಸ್‌ಕ್ರೀಮಿನ ಕತೆ ಹೇಳಿ ಅವಳನ್ನು ನಗಿಸಿದೆ. ಮಾತಿಗೆ ಮಾತು ಬಂದು ಗಂಜಿಯ ವಿಷಯವನ್ನೂ ಹೇಳಿದೆ. ಸಿಗಡಿ ಚಟ್ನಿ ಎಂಬ ಹೆಸರು ಬಾಯಿಂದ ಹೊರಬಿದ್ದ ಮೇಲೆ, ಅಯ್ಯೋ, ಈಗ ವಾಂತಿ ಎಂದು ಭಯವಾಯಿತು.

ಅವಳು ಮಾತ್ರ, “ಅದು ಒಂಚೂರು ಇದ್ದರೆ ತಿಂದೇನೋ ಏನೋ,” ಎಂದಳು.

ಮರುದಿನ ಬಾಣಸಿಗರ ಹತ್ತಿರ ಕೇಳುವಾಗ ನನಗೆ ನಾಚಿಕೆ. ಮೂರನೆಯ ದಿನ ಕ್ಯಾರಿಯರಿನ ಜೊತೆ ಇನ್ನೊಂದು ಡಬ್ಬಿ ಬಂತು. ಅದನ್ನು ಮನೆಗೆ ಒಯ್ದು ಕೊಟ್ಟೆ. ನನ್ನ ಹೆಂಡತಿ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು, ತಟ್ಟೆಗೂ ಹಾಕಿಕೊಳ್ಳದೆ, ಡಬ್ಬಿಯಿಂದಲೇ ಉಂಡಳು. ಬೆರಳಿನಿಂದ ತಳ ಬಳಿದು ಚೀಪಿದಳು. ಆಮೇಲೆ ಇಬ್ಬರೂ ಗಡಿಯಾರ ನೋಡುತ್ತ ಕುಳಿತೆವು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಏನೂ ಆಗಲಿಲ್ಲ. ಅಂದಿನಿಂದ ಡಬ್ಬಿ ದಿನಾ ಬರತೊಡಗಿತು. ಫೋಟೋ ಕೆಲಸ ಮುಗಿದ ಮೇಲೂ ಅಲೆವೂರಿನಿಂದ ಉಡುಪಿಗೆ ಬರುವ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು.

ನನಗಾದರೋ ಬೇರೆಯೇ ಕಾಯಿಲೆ ಹತ್ತಿತ್ತು. ಮನೆಯಲ್ಲಿ ಊಟಕ್ಕೆ ಕುಳಿತರೆ ತಟ್ಟೆಯನ್ನು ಕಿಟಕಿಯ ಬೆಳಕಿನ ಕಡೆ ತಿರುಗಿಸುವುದು, ಉಪ್ಪಿನಕಾಯಿಯನ್ನು ಎಡಕ್ಕೆ ಸರಿಸುವುದು, ಹಪ್ಪಳವನ್ನು ಓರೆಯಾಗಿ ನಿಲ್ಲಿಸುವುದು. ನನ್ನ ಹೆಂಡತಿ ಎರಡು ದಿನ ನೋಡಿದಳು. ಮೂರನೆಯ ದಿನ, “ಉಣ್ಣುತ್ತೀರೋ, ಇಲ್ಲ ಅದಕ್ಕೂ ಪಾಸ್‌ಪೋರ್ಟ್ ಮಾಡಿಸುತ್ತೀರೋ?” ಎಂದು ಕೇಳಿದಳು.

ಡಬ್ಬಿಯ ಉಪಕಾರಕ್ಕೆ ಏನಾದರೂ ಮಾಡಬೇಕಿತ್ತು. ಫೋಟೋ ಕೆಲಸದ ಕೊನೆಯ ದಿನ ಕೇಳಿದಾಗ ಬಾಣಸಿಗರು ಸ್ವಲ್ಪ ತಡವರಿಸಿ, “ಆ ಮೀನಿನ ತಟ್ಟೆಯ ಜೊತೆ ನನ್ನದೊಂದು ದೊಡ್ಡ ಫೋಟೋ ಆಗಬಹುದಾ?” ಎಂದರು. “ಅಮ್ಮನಿಗೆ ಕೊಡ್ಲಿಕ್ಕೆ. ಬೊಂಬಾಯಿಯಿಂದ ವರ್ಷಕ್ಕೆ ಎರಡು ಸಲ ಊರಿಗೆ ಹೋಗ್ತಿದ್ದೆ. ಅಲ್ಲಿ ಎಂತ ಕೆಲಸ ಅಂತ ಕೇಳಿದ್ರೆ ಅಡಿಗೆ ಅಂತ ಹೇಳುವುದು. ಅಡಿಗೆ ನಾನೂ ಮಾಡ್ತೇನೆ, ಅದಕ್ಕೆ ಬೊಂಬಾಯಿ ಯಾಕೆ ಅಂತ ಅವರು. ಅಲ್ಲಿಗೆ ಮಾತು ಮುಗೀತು.”

ಅವರು ಟೊಪ್ಪಿ ಸರಿಮಾಡಿಕೊಂಡು, ಹೊಸದಾಗಿ ಜೋಡಿಸಿದ ತಟ್ಟೆ ಹಿಡಿದು, ಗಲ್ಫಿಗೆ ಹೊರಟವರಂತೆಯೇ ಉಸಿರು ಬಿಗಿಹಿಡಿದು ನಿಂತರು. ಎರಡು ಕಿವಿಯೂ ಬರುವಂತೆ ತೆಗೆದೆ.

ಬಣ್ಣದ ರೋಲುಗಳನ್ನು ಆಗ ಬೆಂಗಳೂರಿಗೆ ಕಳುಹಿಸಿ ಹತ್ತು ದಿನ ಕಾಯಬೇಕಿತ್ತು. ಚಿತ್ರಗಳು ಬಂದವು, ಮಾಲಕರು ಹಿಗ್ಗಿದರು. ಬಾಣಸಿಗರ ಫೋಟೋಕ್ಕೆ ಕಟ್ಟು ಹಾಕಿಸಿದೆ. ಅದೇ ವಾರ ನನಗೆ ಕಾರ್ಕಳದ ಒಂದು ಕಾಲೇಜಿನಲ್ಲಿ ಗುಂಪು ಚಿತ್ರ ತೆಗೆಯುವ ಕೆಲಸವಿತ್ತು. ಬಾಣಸಿಗರಿಗೆ ರೆಸ್ಟೋರೆಂಟಿನ ಉದ್ಘಾಟನೆಯ ಗಡಿಬಿಡಿ. ಹಾಗಾಗಿ ಫೋಟೋವನ್ನು ನಾನೇ ತಲುಪಿಸುತ್ತೇನೆ ಎಂದು ಒಪ್ಪಿಕೊಂಡೆ.

ಕಾಲೇಜಿನ ಕೆಲಸ ಹನ್ನೆರಡಕ್ಕೆ ಮುಗಿಯಿತು. ಕೋರೆಯ ದಾರಿ ಹಿಡಿದು ನಡೆದೆ. ಉಳಿಯ ಸದ್ದು ದೂರದಿಂದಲೇ ಕೇಳುತ್ತಿತ್ತು. ಕೋರೆಯ ಅಂಚಿನಲ್ಲಿ ತೆಂಗಿನ ಗರಿಯ ಒಂದು ಚಪ್ಪರ. ಒಳಗೆ ಉದ್ದನೆಯ ಬೆಂಚುಗಳ ಮೇಲೆ ತಲೆಯಿಂದ ಕಾಲಿನವರೆಗೆ ಕಲ್ಲಿನ ಧೂಳು ಮೆತ್ತಿಕೊಂಡ ಜನ ಗಂಜಿ ಉಣ್ಣುತ್ತಿದ್ದರು. ಅವರ ನಡುವೆ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ಸೌಟು ಹಿಡಿದು, ಎಪ್ಪತ್ತರ ಹತ್ತಿರದ ಒಬ್ಬ ಗಿಡ್ಡ ಹೆಂಗಸು ಓಡಾಡುತ್ತಿದ್ದರು. ನಾನು ಯಾರೆಂದು ಹೇಳಿ ಫೋಟೋ ಕೊಟ್ಟೆ. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಸೆರಗಿನಿಂದ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿದರು. “ಟೊಪ್ಪಿ ಇಟ್ಟಿದ್ದಾನೆ.”

“ಹೌದು, ದೊಡ್ಡ ಬಾಣಸಿಗರು ಇಡುವ ಟೊಪ್ಪಿ.”

“ಮೀನು ಗೊತ್ತಾಯಿತು. ಈ ಬಿಳಿ ಹಕ್ಕಿ ಯಾವುದು?”

“ಅದು ಮೂಲಂಗಿ. ನಿಮ್ಮ ಮಗ ಚೂರಿಯಲ್ಲಿ ಕೊರೆದದ್ದು.”

“ಮೂಲಂಗಿಯಾ!” ಎಂದವರೇ ಸೌಟನ್ನು ಪಾತ್ರೆಗೆ ಹಾಕಿ, ಫೋಟೋವನ್ನು ಬೆಂಚಿನಿಂದ ಬೆಂಚಿಗೆ ತೋರಿಸುತ್ತ ಹೋದರು. ಎಲ್ಲರೂ ನೋಡಿದರು, ನಕ್ಕರು, ಇನ್ನೊಮ್ಮೆ ನೋಡಿದರು. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕರು ಮಾತ್ರ ನಗಲಿಲ್ಲ. ದೇವಸ್ಥಾನಗಳಿಗೆ ಕಲ್ಲಿನ ವಿಗ್ರಹ ಕೆತ್ತುವವರೆಂದು ಆಮೇಲೆ ತಿಳಿಯಿತು. ಕೈ ತೊಳೆದು ಬಂದು, ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಕತ್ತು ಸರಿ ಬಂದಿದೆ,” ಎಂದರು. “ಕತ್ತು ಕಷ್ಟ. ಅಲ್ಲೇ ಮುರಿಯುವುದು.”

ಅಷ್ಟು ಹೇಳಿ ಫೋಟೋ ಹಿಂದಿರುಗಿಸಿ ಉಣ್ಣಲು ಕುಳಿತರು. ತಾಯಿ ಅದನ್ನು ಚಪ್ಪರದ ಕಂಬಕ್ಕೆ, ಎಲ್ಲರಿಗೂ ಕಾಣುವ ಕಡೆ, ಆಗಲೇ ಮೊಳೆ ಹೊಡೆಸಿ ತೂಗುಹಾಕಿಸಿದರು. ನನ್ನನ್ನು ಒಂದು ಬೆಂಚಿನ ತುದಿಯಲ್ಲಿ ಕೂರಿಸಿ, “ಊಟ ಮಾಡದೆ ಹೋಗುವ ಹಾಗಿಲ್ಲ,” ಎಂದು ಒಳಗೆ ಹೋದರು.

ಎಲ್ಲರಿಗೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಡಿಸುತ್ತಿದ್ದವರು ನನ್ನ ಊಟಕ್ಕೆ ಮಾತ್ರ ಕಾಲು ಗಂಟೆ ತೆಗೆದುಕೊಂಡರು. ಕೊನೆಗೆ ತಟ್ಟೆ ಬಂತು. ನಡುವೆ ಗಂಜಿ. ಸುತ್ತ ಬಂಡಿಯ ಚಕ್ರದ ಹಾಗೆ ಜೋಡಿಸಿದ ಸೌತೆಯ ಬಿಲ್ಲೆಗಳು. ಚಟ್ನಿಯ ಉಂಡೆಯ ಮೇಲೆ ನೆಟ್ಟಗೆ ನಿಂತ ಒಂದು ಹಸಿಮೆಣಸು. ತಟ್ಟೆಯ ಅಂಚಿಗೆ ಬೇಲಿಯಿಂದ ಆಗಷ್ಟೇ ಕಿತ್ತು ತಂದ ಕೆಂಪು ದಾಸವಾಳ.

“ನೀವು ಉಡುಪಿಯ ಪೇಟೆಯವರು,” ಎಂದರು ಅವರು. “ಹೀಗೆ ಅಲ್ವಾ ಇಡುವುದು?”

ಚಪ್ಪರವೆಲ್ಲ ಗೊಳ್ಳೆಂದಿತು. “ನಮಗೆ ಹೂ ಇಲ್ಲವಾ ಅಮ್ಮಾ?” ಎಂದು ಒಬ್ಬರು ಕೂಗಿದರು.

“ನಿನಗೆ ಹೂ ಯಾಕೆ? ಮೂರನೇ ಸಲ ಗಂಜಿ ಹಾಕಿದ್ದೇನಲ್ಲ!”

ನಾನೂ ನಕ್ಕೆ, ಆದರೆ ಕಣ್ಣು ಒದ್ದೆಯಾಗಿತ್ತು. ಹೂವನ್ನು ಮೆಲ್ಲನೆ ಎತ್ತಿ ಪಕ್ಕಕ್ಕಿಟ್ಟು ಉಣ್ಣತೊಡಗಿದೆ. ಮೊದಲ ತುತ್ತಿಗೇ ಗೊತ್ತಾಯಿತು, ಇದು ಅಲೆವೂರಿನ ಡಬ್ಬಿಯದೇ ಚಟ್ನಿ. ಖಾರ ಒಂದು ಕೈ ಹೆಚ್ಚು, ಅಷ್ಟೇ.

“ನಿಮ್ಮ ಮಗ ಮಾಡುವ ಚಟ್ನಿಯೂ ಹೀಗೆಯೇ,” ಎಂದೆ.

ಅವರು ಸೌಟು ಹಿಡಿದು ಹಾಗೆಯೇ ನಿಂತರು. “ಅವನು ಮಾಡುತ್ತಾನಾ? ಇದನ್ನು?”

“ದಿನಾ ಮಾಡುತ್ತಾರೆ. ಬೆಳಿಗ್ಗೆ ಎದ್ದು, ತಮ್ಮ ಬುತ್ತಿಗೆ. ನನ್ನ ಹೆಂಡತಿ ಮೂರು ವಾರದಿಂದ ಅದರ ಮೇಲೆಯೇ ಬದುಕಿದ್ದಾಳೆ.”

“ಮನೆಯಲ್ಲಿದ್ದಾಗ ಒಲೆಯ ಹತ್ತಿರ ಒಂದು ದಿನವೂ ಬಂದವನಲ್ಲ. ಯಾರು ಹೇಳಿಕೊಟ್ಟರು ಅವನಿಗೆ?” ಮೂಲಂಗಿಯ ಹಕ್ಕಿಗೆ ಆದ ಆಶ್ಚರ್ಯ ಇದರ ಮುಂದೆ ಏನೂ ಅಲ್ಲ. ಸಿಗಡಿಯ ತಲೆ ತೆಗೆಯುತ್ತಾನಾ, ಮೆಣಸು ಕೆಂಡದಲ್ಲಿ ಸುಡುತ್ತಾನಾ ಇಲ್ಲ ಎಣ್ಣೆಯಲ್ಲಿ ಹುರಿಯುತ್ತಾನಾ ಎಂದು ಒಂದೊಂದಾಗಿ ಕೇಳಿದರು. ನನಗೆ ಗೊತ್ತಿರಲಿಲ್ಲ. ಹೊರಡುವಾಗ ಒಣಸಿಗಡಿಯ ಒಂದು ಪೊಟ್ಟಣ ಕೊಟ್ಟು, “ಅಂಗಡಿಯ ಸಿಗಡಿಯಲ್ಲಿ ಮರಳಿರುತ್ತದೆ, ಇದರಲ್ಲಿ ಮಾಡಲು ಹೇಳಿ,” ಎಂದರು.

ಸಂಜೆ ಮಣಿಪಾಲಕ್ಕೆ ಹೋಗಿ ಎಲ್ಲದರ ವರದಿಯನ್ನು ಬಾಣಸಿಗರಿಗೆ ಒಪ್ಪಿಸಿದೆ. “ಕತ್ತು ಸರಿ ಅಂತ ಅಂದ್ರಾ?” ಎಂದು ಮೂರು ಸಲ ಕೇಳಿದರು. ದಾಸವಾಳದ ವಿಷಯಕ್ಕೆ ಬಿದ್ದು ಬಿದ್ದು ನಕ್ಕರು. ಚಟ್ನಿಯ ವಿಷಯ ಹೇಳಿ ಪೊಟ್ಟಣ ಕೊಟ್ಟಾಗ ನಗಲಿಲ್ಲ. ಅದನ್ನು ಮೂಸಿ ನೋಡಿ, ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದರು. “ಬೊಂಬಾಯಿಯಲ್ಲಿ ಮೊದಲ ವರ್ಷ ಯಾವ ಊಟವೂ ಸೇರ್ತಿರಲಿಲ್ಲ,” ಎಂದರು. “ನೆನಪು ಮಾಡಿ ಮಾಡಿ ಕಲಿತದ್ದು.”

ರೆಸ್ಟೋರೆಂಟ್ ಶುರುವಾಯಿತು. ಮೊದಲ ವಾರ ಜನವೋ ಜನ. ಎಲ್ಲರೂ ಮೆನುವಿನ ಚಿತ್ರದ ಮೇಲೆ ಬೆರಳಿಟ್ಟು, “ಇದು,” ಎನ್ನುತ್ತಿದ್ದರು. ತಟ್ಟೆ ಬಂದಾಗ ಚಿತ್ರವನ್ನು ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದರು. ಒಬ್ಬ ಡಾಕ್ಟರರು ಸೂಪಿನ ಬಟ್ಟಲು ದೂಡಿ, “ಹೊಗೆ ಎಲ್ಲಿ?” ಎಂದು ಕೇಳಿದರಂತೆ. ಮಾಲಕರು ಸ್ಟುಡಿಯೋಕ್ಕೆ ಬಂದು, “ನಿಮ್ಮ ಫೋಟೋ ಜಾಸ್ತಿ ಚೆಂದ ಆಯ್ತು ಮಾರಾಯ್ರೆ,” ಎಂದು ದೂರಿದರು. ಕಿವಿಯ ದೂರಿಗಿಂತ ಇದು ಮೇಲು ಎಂದುಕೊಂಡೆ. ಆದರೆ ಎರಡು ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಮೇಜುಗಳು ಖಾಲಿ ಬೀಳತೊಡಗಿದವು. ದಿನಾ ಹಂಸ ನೋಡಲು ಯಾರು ಬರುತ್ತಾರೆ?

ಕೋರೆಗೆ ರಜೆಯಿದ್ದ ಒಂದು ಭಾನುವಾರ ತಾಯಿ ತಮ್ಮ ಮಗಳನ್ನು, ಅಂದರೆ ಬಾಣಸಿಗರ ತಂಗಿಯನ್ನು, ಕರೆದುಕೊಂಡು ಕಾರ್ಕಳದಿಂದ ಬಸ್ಸಿನಲ್ಲಿ ಬಂದರು. ಬಾಣಸಿಗರು ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದಿದ್ದರು. ನಾವು ನಾಲ್ವರು ಒಂದು ದೊಡ್ಡ ಮೇಜಿನ ಸುತ್ತ ಕುಳಿತೆವು. ತಾಯಿ ಕಮಲದ ಹೂವಿನಂತೆ ಮಡಚಿದ್ದ ಕರವಸ್ತ್ರವನ್ನು ಎರಡೂ ಕೈಯಿಂದ ಎತ್ತಿ, ಬಿಚ್ಚಿಹೋಗದಂತೆ ಮೇಜಿನ ನಡುವಿಗೆ ಸರಿಸಿದರು. ಮೊದಲ ತಟ್ಟೆ ಬಂದಾಗ ಮಗನನ್ನು ಹತ್ತಿರ ಕರೆದು, “ಇದರಲ್ಲಿ ತಿನ್ನುವುದು ಯಾವುದು, ನೋಡುವುದು ಯಾವುದು?” ಎಂದು ಪಿಸುಗುಟ್ಟಿದರು.

“ಎಲ್ಲಾ ತಿನ್ನುವುದೇ ಅಮ್ಮ.”

ಅವರು ಹಾಗೆಯೇ ಮಾಡಿದರು. ಸೌತೆಯ ದೋಣಿ, ಕ್ಯಾರೆಟ್ಟಿನ ಗುಲಾಬಿ, ಕಡೆಗೆ ಬಾಲದಿಂದ ಶುರುಮಾಡಿ ಹಂಸ. ಒಂದು ಚೂರನ್ನೂ ಬಿಡಲಿಲ್ಲ. ಮಗ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮೀನು ಮುಗಿದ ಮೇಲೆ ತಾಯಿ, “ಉಪ್ಪು ಒಂದು ಕಣ ಕಮ್ಮಿ,” ಎಂದರು. ಮಾಲಕರಿಗೂ ಎದುರು ಮಾತಾಡುತ್ತಿದ್ದ ಆ ಮನುಷ್ಯ ಒಳಗೆ ಓಡಿ ಉಪ್ಪು ತಂದರು.

ನನ್ನ ಹೆಂಡತಿ ಮಾತ್ರ ಏನನ್ನೂ ಮುಟ್ಟಿರಲಿಲ್ಲ. ಬಾಣಸಿಗರಿಗೆ ಗೊತ್ತಿತ್ತು. ಅವಳ ಮುಂದೆ, ಬಿಳಿ ಮೇಜುಬಟ್ಟೆಯ ಮೇಲೆ, ನಗ್ಗಿದ ಆ ಡಬ್ಬಿಯನ್ನೇ ತಂದಿಟ್ಟು ಮುಚ್ಚಳ ತೆಗೆದರು. ಸುಟ್ಟ ಮೆಣಸು, ಸಿಗಡಿಯ ವಾಸನೆ ಹಜಾರವಿಡೀ ಹರಡಿತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಮಾಲಕರು ತಲೆಯೆತ್ತಿದರು. ಎದ್ದು ನಮ್ಮ ಕಡೆಗೇ ಬಂದರು. ಬೈಯುತ್ತಾರೆ ಎಂದು ನಾನು ಹೆದರಿದೆ. ಅವರು ಡಬ್ಬಿಯನ್ನು ನೋಡಿದರು, ಬಾಣಸಿಗರನ್ನು ನೋಡಿದರು.

“ಇದು ಇಲ್ಲಿ ಮೊದಲಿನಿಂದಲೂ ಉಂಟಾ?”

“ಉಂಟು. ನನ್ನ ಬುತ್ತಿ.”

“ನನಗೆ ಯಾಕೆ ಹೇಳಲಿಲ್ಲ?” ಎಂದವರೇ ಒಂದು ಕುರ್ಚಿ ಎಳೆದುಕೊಂಡು ಕುಳಿತು ಕೈ ಚಾಚಿದರು. ನನ್ನ ಹೆಂಡತಿ ಡಬ್ಬಿಯನ್ನು ತುಸು ತನ್ನ ಕಡೆಗೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಆಮೇಲೆ ಒಳಗಿನಿಂದ ಇನ್ನೊಂದು ಪಾತ್ರೆ ಬಂತು. ಕಾಪುವಿನ ಆ ಮನುಷ್ಯ ತೋಳು ಮಡಚಿ, ಎರಡು ತಟ್ಟೆ ಗಂಜಿ ಉಂಡು, ಮತ್ತೆ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಯೋಚಿಸುತ್ತ ಕುಳಿತರು.

ಮರುವಾರವೇ ಮಧ್ಯಾಹ್ನ ಗಂಜಿ ಊಟ ಶುರುವಾಯಿತು. ಬಾಣಸಿಗರು ಮೊದಲು ಮುಖ ಸಿಂಡರಿಸಿದರು. ಸಂಜೆಯ ತಟ್ಟೆಗಳಿಗೆ ಯಾರೂ ಕೈಹಾಕಬಾರದು ಎಂಬ ಮಾತು ಪಡೆದು ಒಪ್ಪಿದರು. ಆಸ್ಪತ್ರೆಯ ಡಾಕ್ಟರರು, ನರ್ಸುಗಳು, ಕಾಲೇಜಿನ ಮೇಷ್ಟ್ರುಗಳು ಸಾಲು ನಿಂತರು. ಹುಟ್ಟುಹಬ್ಬ, ನಿಶ್ಚಿತಾರ್ಥ ಎಂದರೆ ಅದೇ ಜನ ಸಂಜೆ ಮತ್ತೆ ಬಂದು ಹಂಸದ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ತೆಗೆಯುವವನು ನಾನೇ.

ನಮಗೆ ಮಗಳು ಹುಟ್ಟಿದಳು. ಹುಟ್ಟಿದ ವಾರದಿಂದಲೇ ನನ್ನ ಹೆಂಡತಿಗೆ ಸಿಗಡಿಯ ವಾಸನೆ ಆಗದಾಯಿತು. ಇದನ್ನು ಬಾಣಸಿಗರಿಗೆ ಹೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ಬಂದ ಡಬ್ಬಿಯನ್ನು ಆರು ತಿಂಗಳು ನಾನೇ ಖಾಲಿ ಮಾಡಿದೆ.

ಬಾಣಸಿಗರು ಗುರುವಾರ ವಾರದ ರಜೆ ತೆಗೆದುಕೊಂಡು ಕಾರ್ಕಳಕ್ಕೆ ಹೋಗತೊಡಗಿದರು. ಒಂದು ಗುರುವಾರ ನಾನೂ ಜೊತೆಗೆ ಹೋಗಿದ್ದೆ. ಅವರು ಚಪ್ಪರ ಹೊಕ್ಕವರೇ ಷರಟು ಬಿಚ್ಚಿ, ಸೊಂಟಕ್ಕೆ ಬೈರಾಸು ಕಟ್ಟಿ, ಒಲೆಯ ಕಡೆ ನಡೆದರು. ತಾಯಿ ಸೌಟನ್ನು ಅಡ್ಡ ಹಿಡಿದರು.

“ಇಲ್ಲಿ ನಾನಿದ್ದೇನೆ. ನೀನು ಹೋಗಿ ನೀರು ಕೊಡು.”

ಬಾಣಸಿಗರು ಬಿಂದಿಗೆ ಎತ್ತಿಕೊಂಡು, ಬೆಂಚುಗಳ ನಡುವೆ ಲೋಟ ತುಂಬಿಸುತ್ತ ಹೋದರು.